ಫಟಫಟಿಯ ಮುಂಜಾನೆ ಮೌನ

ವೆಂಕೋಬನ ಗಂಟಲಿಗೆ ದಕ್ಕದ ದನಿ ಇಡೀ ಹೊಸಪೇಟೆಯಲ್ಲಿ ಇರಲಿಲ್ಲ. ಗುಂತಕಲ್ಲಿನ ರೈಲು ಸ್ಟೇಷನ್ನಿಗೆ ಬಂದು ಉಸ್ಸೆಂದು ನಿಲ್ಲುವುದು, ತಹಸೀಲ್ದಾರರು ಮೂಗಿನಲ್ಲಿ ತೆಲುಗು ಮಾತಾಡುವುದು, ಸಂಡೂರಿನ ಗಣಿಯ ಬಿಳಿ ಎಂಜಿನಿಯರು ‘ಟುಂಬಾ ಚನ್ನಾಗಿಡೆ’ ಎನ್ನುವುದು, ಎಲ್ಲವೂ ಅವನ ನಾಲಗೆಯ ಮೇಲೆ ಬಾಡಿಗೆಯಿಲ್ಲದೆ ವಾಸವಾಗಿದ್ದವು. ಒಮ್ಮೆ ಅಡುಗೆಮನೆಯ ಗೋಡೆಯಾಚೆ ನಿಂತು ತಂದೆಯ ಕೆಮ್ಮನ್ನು ಕೆಮ್ಮಿ, ತಾಯಿ ಗೋದಾಬಾಯಿಯಿಂದ ತಂದೆಯ ಪಾಲಿನ ಕಾಫಿಯನ್ನು ಕಿಟಕಿಯಲ್ಲೇ ಇಸಿದುಕೊಂಡು ಕುಡಿದಿದ್ದ. ತಂದೆ ಬಂದು ನಿಜವಾಗಿ ಕೆಮ್ಮಿದಾಗ ಆಕೆ, “ಇನ್ನೆಷ್ಟು ಸಲ ಕುಡೀತೀರಿ, ಪಿತ್ತ ಆಗ್ತದ” ಎಂದು ಗದರಿಸಿಬಿಟ್ಟಿದ್ದರು.

ಅನಂತಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಆಗ ಅದಕ್ಕೂ ಕೊಡುತ್ತಿದ್ದ ಬಿ.ಎ. ಮುಗಿಸಿ ಬಂದು ಎರಡು ವರ್ಷವಾಗಿತ್ತು. ಬಿ.ಎ. ಅಂದರೇನೆಂದು ಕೇಳಿದವರಿಗೆ ‘ಬರೀ ಅಲೆಯೋದು’ ಎಂದು ತಾನೇ ಬಿಡಿಸಿ ಹೇಳುತ್ತಿದ್ದ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿದ್ದ ತಂದೆ ಕಮಲಾಕರರಾಯರಿಗೆ ಈ ಬಿಡಿಸುವಿಕೆ ರುಚಿಸುತ್ತಿರಲಿಲ್ಲ. ಅವರು ಯಾರ್ಯಾರನ್ನೋ ಹಿಡಿದು ಬಳ್ಳಾರಿಯ ಕಚೇರಿಯೊಂದರಲ್ಲಿ ಮಗನಿಗೆ ನಕಲು ಗುಮಾಸ್ತನ ಜಾಗ ಗಿಟ್ಟಿಸಿದ್ದರು. ಬರುವ ಸೋಮವಾರ ಹತ್ತು ಗಂಟೆಗೆ ಹಾಜರಾಗಬೇಕು.

“ದಿನಾ ಮಂದಿ ನಕಲು ಮಾಡ್ತೀ. ಅದನ್ನೇ ಸರ್ಕಾರದ ಕಾಗದದ ಮೇಲೆ ಮಾಡು, ಪಗಾರ ಕೊಡ್ತಾರ” ಎಂದಿದ್ದರು ರಾಯರು.

ವೆಂಕೋಬ ಆಗ ನಕ್ಕಿದ್ದ. ಆದರೆ ರಾತ್ರಿ ಊಟ ಸೇರಿರಲಿಲ್ಲ. ಅವನಿಗೆ ಬೇಕಾದದ್ದು ಎಂಜಿನ್ನುಗಳ ಸಹವಾಸ. ಗಡಿಯಾರ, ಹೊಲಿಗೆ ಯಂತ್ರ, ಪೆಟ್ರೋಮ್ಯಾಕ್ಸು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಅದರ ಹೊಟ್ಟೆಯೊಳಗಿನ ಗುಟ್ಟು ನೋಡಿ ಮತ್ತೆ ಜೋಡಿಸುವುದರಲ್ಲಿ ಅವನಿಗಿದ್ದ ಸುಖ ಅವನಿಗೇ ಗೊತ್ತು. ಇನ್ನೊಬ್ಬರು ಬರೆದದ್ದನ್ನೇ ಮೂವತ್ತು ವರ್ಷ ಬರೆದು, ಕೊನೆಗೆ ಕನ್ನಡಕ ಏರಿಸಿ ಮನೆಗೆ ಬರುವುದನ್ನು ನೆನೆದಾಗಲೆಲ್ಲ ಎದ್ದು ಹೋಗಿ ಯಾವುದಾದರೂ ಗಡಿಯಾರ ಬಿಚ್ಚಿಕೊಂಡು ಕೂರುತ್ತಿದ್ದ.

ಬುಧವಾರ ಬೆಳಿಗ್ಗೆ ಚಿತ್ತವಾಡ್ಗಿಯ ಅಕ್ಕಿ ಗಿರಣಿಯಿಂದ ಕರೆ ಬಂತು.

ಗಿರಣಿಯ ಸಾಹುಕಾರ ಉಜ್ಜಿನಪ್ಪ ಆರು ವಾರದ ಹಿಂದೆ ಒಂದು ಮೋಟರ್ ಸೈಕಲ್ ಕೊಂಡಿದ್ದ. ಸಂಡೂರಿನ ಬಿಳಿ ಎಂಜಿನಿಯರು ಊರಿಗೆ ಹೊರಟಾಗ ಬಿಟ್ಟುಹೋದ ಒಂಟಿ ಸಿಲಿಂಡರಿನ ಕರೀ ಗಾಡಿ, ಮಂದಿಯ ಬಾಯಲ್ಲಿ ಫಟಫಟಿ. ಬತ್ತ ಖರೀದಿಗೆ ದಿನಾ ಬೆಳಿಗ್ಗೆ ಕಂಪ್ಲಿಗೆ ಹೋಗಿಬರಲೆಂದು ಕೊಂಡದ್ದು. ಆದರೆ ಗಾಡಿ ಮುಂಜಾನೆ ಹೊತ್ತು ಮೌನವ್ರತ ಹಿಡಿಯುತ್ತಿತ್ತು. ಎಷ್ಟು ಒದ್ದರೂ ಮಾತಿಲ್ಲ. ಸೂರ್ಯ ನೆತ್ತಿಗೆ ಬಂದ ಮೇಲೆ ಒಂದೇ ಒದೆತಕ್ಕೆ ಎದ್ದು ಊರೆಲ್ಲ ಕೇಳುವಂತೆ ಹಾಡುತ್ತಿತ್ತು. ಬಳ್ಳಾರಿಯ ಮೇಸ್ತ್ರಿಯೊಬ್ಬ ಎರಡು ಸಲ ಬಂದು, ಬಿಚ್ಚಿ, ಒರೆಸಿ, ಹೊಸ ಪ್ಲಗ್ಗು ಹಾಕಿ, ಶುರು ಮಾಡಿ ತೋರಿಸಿ ಹೋಗಿದ್ದ. ಮಾರನೆಯ ಬೆಳಿಗ್ಗೆ ಮತ್ತೆ ಮೌನ.

ವೆಂಕೋಬ ಹೋದಾಗ ಗಿರಣಿಯ ಅಂಗಳದಲ್ಲಿ ಉಜ್ಜಿನಪ್ಪ ಬೆವರು ಒರೆಸುತ್ತ ಕಲ್ಲಿನ ಮೇಲೆ ಕೂತಿದ್ದ. ಆಳು ದೊಡ್ಡದು, ಹೊಟ್ಟೆ ಇನ್ನೂ ದೊಡ್ಡದು, ಸಿಟ್ಟು ಎರಡಕ್ಕಿಂತ ಒಂದು ಗೇಣು ಮುಂದೆ.

“ಬರ್ರಿ ಬಿ.ಎ.ನೋರೆ, ಕುಂದ್ರಿ. ಈ ಬಿಳಿ ದೊರಿ ಗಾಡಿ ನನ್ನ ಕಾಲು ತಿಂದು ಹಾಕೈತಿ.”

“ಒದ್ದಾಗ ಏನಂತೈತ್ರಿ ಸಾವ್ಕಾರ್ರೆ?”

“ಏನಂತೈತಿ? ಏನಾರ ಅಂದಿದ್ರ ನಿಮ್ಮನ್ನ ಯಾಕ ಕರಸ್ತಿದ್ದೆ?”

“ಹಂಗಲ್ರಿ. ಫುಸ್ ಅಂತೈತೋ, ಗುಡ್ಡ್ ಅಂದು ಸುಮ್ನಾಗತೈತೋ, ಖೊಳಕ್ ಅಂತ ಹಿಂದಕ್ಕ ಒದಿತೈತೋ?” ಎಂದು ವೆಂಕೋಬ ಕೆನ್ನೆಯುಬ್ಬಿಸಿ, ಮೂಗು ಹಿಂಡಿ, ಒಂದೊಂದು ದನಿಯನ್ನೂ ಮಾಡಿ ತೋರಿಸಿದ. ಇದು ಅವನ ರೋಗಪರೀಕ್ಷೆಯ ಕ್ರಮ. ಯಂತ್ರದ ಸದ್ದನ್ನು ಬಣ್ಣಿಸಲು ಯಾರಿಗೂ ಬರುವುದಿಲ್ಲ, ಕೇಳಿಸಿದರೆ ಎಲ್ಲರೂ ಗುರುತು ಹಿಡಿಯುತ್ತಾರೆ.

ಬತ್ತ ಹರವುತ್ತಿದ್ದ ಹೆಂಗಸರು ಮೊರ ಕೆಳಗಿಟ್ಟು ನೋಡತೊಡಗಿದರು. ಉಜ್ಜಿನಪ್ಪನ ಮುಖ ಅರಳಿತು.

“ಮೊದಲಿಂದು! ಆ ಫುಸ್! ಅದಾ ನೋಡ್ರಿ, ಅದಾ! ಇನ್ನೊಮ್ಮೆ ಅನ್ರಿ.”

ವೆಂಕೋಬ ಇನ್ನೊಮ್ಮೆ ಅಂದ.

“ಮತ್ತ ಅದರ ಜೋಡಿ ಸಣ್ಣಗ ಹಲ್ಲಿ ಲೊಚಗುಟ್ಟಿದಂಗ ಒಂದು ಸಪ್ಪಳ. ಗಿರಣ್ಯಾಗ ಹಲ್ಲಿ ಭಾಳ ಬಿಡ್ರಿ.”

ಫುಸ್ ಅಂದರೆ ಗಾಳಿ, ಪೆಟ್ರೋಲು ಒಳಗೆ ಹೋಗುತ್ತಿವೆ, ಬೆಂಕಿ ಮಾತ್ರ ಹತ್ತುತ್ತಿಲ್ಲ ಎಂದರ್ಥ. ವೆಂಕೋಬ ಧೋತರದ ಕಚ್ಚೆ ಬಿಗಿದು ಕುಕ್ಕರಗಾಲಿನಲ್ಲಿ ಕೂತ. ಈ ಗಾಡಿಯ ಸಂಸಾರ ಸರಳವಾದದ್ದು. ಮ್ಯಾಗ್ನೆಟೋ ಎಂಬ ಡಬ್ಬಿ ಒದೆತಕ್ಕೊಮ್ಮೆ ತಿರುಗಿ ವಿದ್ಯುತ್ತು ಹುಟ್ಟಿಸುತ್ತದೆ. ಒಂದು ದಪ್ಪ ವೈರು ಅದನ್ನು ಹೊತ್ತು ಎಂಜಿನ್ನಿನ ನೆತ್ತಿಯ ಮೇಲಿರುವ ಪ್ಲಗ್ಗಿನ ತಲೆಗೆ ಮುಟ್ಟಿಸುತ್ತದೆ. ಪ್ಲಗ್ಗಿಗೆ ಬಿಳಿ ಪಿಂಗಾಣಿಯ ಕತ್ತು, ವಿದ್ಯುತ್ತು ಅಡ್ಡದಾರಿ ಹಿಡಿಯದಿರಲೆಂದು. ಕೆಳತುದಿ ಎಂಜಿನ್ನಿನ ಒಳಗಿದ್ದು, ಅಲ್ಲಿ ಕಿಡಿ ಹಾರಿ, ಪೆಟ್ರೋಲು ಹೊತ್ತಿ, ಫಟ್.

ಅವನು ವೈರು ಕಳಚಿ, ಪ್ಲಗ್ಗನ್ನು ಬಿಚ್ಚಿ ತೆಗೆದ. ಗಿರಣಿಯ ಬಾಯ್ಲರಿಗೆ ಹೊಟ್ಟು ಉರಿಸುತ್ತಿದ್ದರಿಂದ ಅಂಗಳದಲ್ಲಿ ಎಲ್ಲದರ ಮೇಲೂ ಬೂದಿ ಧೂಳು, ಪ್ಲಗ್ಗಿನ ಮೇಲೂ ಇತ್ತು. ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಮೇಲಿಂದ ಕೆಳತನಕ ಚೊಕ್ಕಟವಾಗಿ ಒರೆಸಿ, ಮತ್ತೆ ವೈರು ಸಿಕ್ಕಿಸಿ, ಸಿಲಿಂಡರಿನ ತಲೆಯ ಮೇಲೆ ಮಲಗಿಸಿ ಒಮ್ಮೆ ಒದ್ದ. ತುದಿಯಲ್ಲಿ ನೀಲಿ ಕಿಡಿ ಪಟ್ಟೆಂದು ಹಾರಿತು. ಪ್ಲಗ್ಗು ಮರಳಿ ಕೂಡಿಸಿ ಇನ್ನೊಮ್ಮೆ ಒದ್ದ. ಗಾಡಿ ಗಡಗಡಿಸಿ ಎದ್ದು, ಬತ್ತದ ರಾಶಿಯ ಮೇಲಿದ್ದ ಗುಬ್ಬಿಗಳನ್ನೆಲ್ಲ ಮಾಡಿಗೆ ಓಡಿಸಿತು. ಹೆಂಗಸರು ಹೋ ಎಂದರು.

ಉಜ್ಜಿನಪ್ಪ ಮಾತ್ರ ನಗಲಿಲ್ಲ.

“ಶುರು ಮಾಡೋದು ಬಳ್ಳಾರಿ ಮೇಸ್ತ್ರೀನೂ ಮಾಡಿದ. ನನಗ ಬೇಕಾಗಿದ್ದು ಅದಲ್ಲ. ಕೇಳ್ರಿ ಇಲ್ಲಿ. ಬರೋ ತಿಂಗಳು ನನ್ನವು ಎರಡು ಬಸ್ಸು ಬರತಾವ. ಹೊಸಪ್ಯಾಟಿಯಿಂದ ಕಂಪ್ಲಿಗೆ ಓಡಸ್ತೀನಿ. ಅವುನ್ನ ನೋಡ್ಕೊಳ್ಳಾಕ ಒಬ್ಬ ಮನಶಾ ಬೇಕು. ಆಯ್ತವಾರ ಮುಂಜಾನಿ ಹೊತ್ತಿಗೆ ಈ ಗಾಡಿ ಯಾಕ ಮುನಿಸ್ಕೊಂತೈತಿ ಅಂತ ನನಗ ಬಿಡಿಸಿ ಹೇಳ್ರಿ, ಬಸ್ಸಿನ ಉಸ್ತುವಾರಿ ನಿಮಗ. ಹೇಳಾಕ ಬರಲಿಲ್ಲಂದ್ರ, ಬಸ್ಸು ದಾರ್ಯಾಗ ನಿಂತಾಗ ಮಂದಿಗೆ ನಾನು ಏನಂತ ಹೇಳ್ಲಿ?”

ವೆಂಕೋಬನ ಕಿವಿಯಲ್ಲಿ ಗಾಡಿಯ ಸದ್ದು ಒಂದು ಕ್ಷಣ ನಿಂತೇಹೋಯಿತು. ಭಾನುವಾರ ಬೆಳಿಗ್ಗೆ. ಸೋಮವಾರಕ್ಕೆ ಒಂದು ದಿನ ಮುಂಚೆ. ಲೆಕ್ಕ ಹಾಕಿ ಇಟ್ಟಂತಿತ್ತು.

ಮನೆಗೆ ಹೋದಾಗ ಗೋದಾಬಾಯಿ ಬಾಗಿಲಲ್ಲೇ ತಡೆದರು. “ಏನೋ ಕಿಡಿಗೇಡಿ, ನಿನ್ನೆ ಒಗೆದ ಧೋತ್ರ ಅದು!”

“ಕಿಡಿಗೇಡಿ ನಾನಲ್ಲಮ್ಮಾ, ಸಾವ್ಕಾರ್ರ ಗಾಡಿ. ಕಿಡಿ ಕೆಟ್ಟಿದ್ದು ಅದರದ್ದು.”

“ನಿನ್ನ ತಲಿ. ಸೋಮವಾರಕ್ಕ ಇನ್ನೊಂದು ಬಿಳೇದು ತೆಗೆದಿಟ್ಟೀನಿ, ಅದನ್ನ ಮುಟ್ಟಿದ್ರ ನೋಡು.”

ಗುರುವಾರ ಒಂಬತ್ತು ಗಂಟೆಗೆ ಗಿರಣಿಯ ಆಳು ತೋಟಪ್ಪ ಓಡಿ ಬಂದ. “ಮತ್ತ ಫುಸ್ ಅಂತೈತ್ರಿ!” ಎಂದ. ಅವನಿಗೂ ರೋಗದ ಹೆಸರು ಬಾಯಿಪಾಠವಾಗಿತ್ತು.

ಇಬ್ಬನಿ ಇರಬೇಕು ಎಂದುಕೊಂಡ ವೆಂಕೋಬ. ರಾತ್ರಿ ಹೊರಗೆ ನಿಂತ ಗಾಡಿಯ ಮ್ಯಾಗ್ನೆಟೋ ಒಳಗೆ ತೇವ ಸೇರಿ, ಬಿಸಿಲೇರಿದ ಮೇಲೆ ಒಣಗುತ್ತದೆ. ಒಳ್ಳೆಯ ವಾದ, ಪರೀಕ್ಷೆಯಲ್ಲಿ ಬರೆದಿದ್ದರೆ ಪೂರಾ ಅಂಕ. ಪ್ಲಗ್ಗು ಬಿಚ್ಚಿ, ಒರೆಸಿ, ಕಿಡಿ ನೋಡಿದ. ಮ್ಯಾಗ್ನೆಟೋ ಬಿಚ್ಚಿ ಅದರೊಳಗೆ ಕೂಡಿ ಅಗಲುವ ಎರಡು ಪುಟ್ಟ ಲೋಹದ ತುದಿಗಳನ್ನು ಉಜ್ಜಿದ. ಒದ್ದ. ಎದ್ದಿತು. ಮಧ್ಯಾಹ್ನ ಉಜ್ಜಿನಪ್ಪನನ್ನು ಹಿಂದೆ ಕೂರಿಸಿಕೊಂಡು ಕಡ್ಡಿರಾಂಪುರದ ದಾರಿ ಹಿಡಿದು ಹಂಪಿಯವರೆಗೂ ಹೊಡೆದ. ಬಂಡೆಗಳೆಲ್ಲ ಫಟಫಟ ಎಂದು ತಿರುಗಿ ಕೂಗಿದವು. ಬಾಳೆಯ ತೋಟದವರು ಕುಡುಗೋಲು ಹಿಡಿದೇ ರಸ್ತೆಗೆ ಓಡಿಬಂದರು. ಹಿಂದಿನಿಂದ ಉಜ್ಜಿನಪ್ಪ ಅವನ ಸೊಂಟ ಹಿಡಿದು, “ಸಾವಕಾಶ್ರೀ! ಮನ್ಯಾಗ ನಮ್ಮವ್ವ ಅದಾಳ್ರೀ!” ಎಂದು ಕಿರುಚುತ್ತಿದ್ದ, ಕಿರುಚುತ್ತಲೇ ನಗುತ್ತಿದ್ದ. ಗಾಡಿಗೆ ಒಂದಿಷ್ಟೂ ದಣಿವಿಲ್ಲ, ತಪ್ಪು ಉಸಿರಿಲ್ಲ.

ಆ ಸಂಜೆ ಗಾಡಿಯನ್ನು ಬಾಯ್ಲರ್ ಕೋಣೆಯ ಬೆಚ್ಚನೆಯ ಗೋಡೆಗೆ ನಿಲ್ಲಿಸಿ, ಮ್ಯಾಗ್ನೆಟೋಗೆ ಹಳೆಯ ಕಂಬಳಿಯ ತುಂಡು ಸುತ್ತಿಸಿದ. ಇಬ್ಬನಿಯಪ್ಪನೂ ಒಳಗೆ ಬರುವಂತಿರಲಿಲ್ಲ.

ಶುಕ್ರವಾರ ಒಂಬತ್ತು ಗಂಟೆಗೆ ತೋಟಪ್ಪ ಬಂದ. ಈ ಸಲ ಮಾತೇ ಆಡಲಿಲ್ಲ. ಕೆನ್ನೆ ಉಬ್ಬಿಸಿ “ಫುಸ್” ಎಂದಷ್ಟೇ ಅಂದು ನಿಂತ.

ಉಜ್ಜಿನಪ್ಪ ಮೂವತ್ತೆಂಟು ಸಲ ಒದ್ದು ಎಣಿಸಿಟ್ಟಿದ್ದ. ವೆಂಕೋಬ ಪ್ಲಗ್ಗು ಬಿಚ್ಚಿ, ಒರೆಸಿ, ಕೂಡಿಸಿದ. ಒಂದೇ ಒದೆತಕ್ಕೆ ಎದ್ದಿತು.

“ನಿಮ್ಮ ಕಾಲಿನ್ಯಾಗ ಏನ್ ಐತಿ, ನನ್ನ ಕಾಲಿನ್ಯಾಗ ಏನ್ ಇಲ್ಲ?” ಎಂದು ಗದರಿದ ಸಾಹುಕಾರ. “ಮಂತ್ರ ಗಿಂತ್ರ ಹಾಕ್ತೀರೇನು? ಮೂರು ದಿನದಾಗ ಶುರು ಮಾಡೀರಿ ಮೂರು ಸಲ, ಕಾರಣ ಹೇಳಿದ್ದು ಸೊನ್ನಿ ಸಲ. ಇನ್ನ ಎರಡು ಮುಂಜಾನಿ ಐತಿ.”

ಮನೆಯಲ್ಲಿ ಟ್ರಂಕು ತೆರೆದು ನಿಂತಿತ್ತು. ಗೋದಾಬಾಯಿ ಅದರಲ್ಲಿ ಉಪ್ಪಿನಕಾಯಿಯ ಭರಣಿ ಇಡುತ್ತಿದ್ದರು. ವೆಂಕೋಬ ತೊಲೆ ನೋಡುತ್ತ ಮಲಗಿ ಮೂರು ದಿನವನ್ನೂ ಮನಸ್ಸಿನಲ್ಲಿ ಮೊದಲಿನಿಂದ ನಡೆಸಿದ. ಮ್ಯಾಗ್ನೆಟೋ ಮುಟ್ಟಿದ್ದು ಒಂದು ದಿನ ಮಾತ್ರ. ಪೆಟ್ರೋಲು ನೋಡಿದ್ದು ಒಂದು ದಿನ. ವೈರು ಬಗ್ಗಿಸಿ ನೋಡಿದ್ದು ಒಂದು ದಿನ. ಆದರೂ ಮೂರು ದಿನವೂ ಗಾಡಿ ಅವನ ಕೈಯಲ್ಲಿ ಎದ್ದಿದೆ. ಹಾಗಾದರೆ ಮೂರು ದಿನವೂ ತಪ್ಪದೆ ತಾನು ಮಾಡಿದ್ದು ಏನು?

ಅವನು ಧಡಕ್ಕನೆ ಎದ್ದು ಕೂತ. ಒರೆಸಿದ್ದು! ನೋಡುವ ಮೊದಲೇ ಒರೆಸಿದ್ದು. ಆ ಬಳ್ಳಾರಿ ಮೇಸ್ತ್ರಿಯೂ ಒರೆಸಿಯೇ ನೋಡಿರಬೇಕು. ಕಳ್ಳನ ಹೆಜ್ಜೆಗುರುತನ್ನು ಪೊಲೀಸರೇ ಬಂದು ಗುಡಿಸಿ, ಆಮೇಲೆ ಕಳ್ಳನನ್ನು ಹುಡುಕಿದಂತಾಗಿತ್ತು. ಆದರೆ ಗಿರಣಿಯ ಬೂದಿ ಧೂಳು ಹಗಲೂ ಬೀಳುತ್ತದಲ್ಲ, ಮಧ್ಯಾಹ್ನ ಯಾಕೆ ಕಾಡುವುದಿಲ್ಲ?

“ಅಮ್ಮಾ, ನಾಳೆ ನಸುಕಿನ್ಯಾಗ ಎಬ್ಬಿಸು.”

“ನೀನು ನಸುಕಿನ್ಯಾಗ ಏಳ್ತೀಯಾ?” ಎಂದು ಗೋದಾಬಾಯಿ ಭರಣಿ ಹಿಡಿದೇ ದೇವರಮನೆಯತ್ತ ತಿರುಗಿ ಕೈಮುಗಿದರು.

ಶನಿವಾರ ಕೋಳಿ ಕೂಗಿ ಬೆಳಕು ಮೂಡುವ ಹೊತ್ತಿಗೆ ವೆಂಕೋಬ ಗಿರಣಿಯ ಅಂಗಳದಲ್ಲಿದ್ದ. ಗಾಡಿಯನ್ನು ಮುಟ್ಟಬಾರದು, ಬರೀ ನೋಡಬೇಕು ಎಂದು ತನಗೆ ತಾನೇ ಆಣೆ ಇಟ್ಟುಕೊಂಡು, ಹೊಟ್ಟಿನ ಚೀಲಗಳ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ, ಗಿರಣಿಗೆ ಅಂಟಿಕೊಂಡೇ ಇದ್ದ ಸಾಹುಕಾರನ ಮನೆಯ ಬಾಗಿಲು ತೆರೆಯಿತು. ಉಜ್ಜಿನಪ್ಪನ ತಾಯಿ ಜಂಬವ್ವ ಹೊರಗೆ ಬಂದಳು. ಎಪ್ಪತ್ತರ ಮುದುಕಿ. ಲಿಂಗಪೂಜೆ ಮುಗಿಸಿ, ಒಂದು ಕೈಯಲ್ಲಿ ನೀರಿನ ಬಟ್ಟಲು, ಇನ್ನೊಂದರಲ್ಲಿ ವಿಭೂತಿಯ ಗಟ್ಟಿ. ದಿನಾ ಮುಂಜಾನೆ ಅವಳ ದಿಬ್ಬಣ ಹೀಗೇ ಹೊರಡುತ್ತದೆಂದು ವೆಂಕೋಬನಿಗೆ ಗೊತ್ತಿರಲಿಲ್ಲ. ಮೂರು ಬೆರಳು ನೀರಿಗೆ ಅದ್ದಿ, ವಿಭೂತಿ ತೇಯ್ದು, ಹೊಸ್ತಿಲಿಗೆ ಮೂರು ಗೆರೆ ಎಳೆದಳು. ಆಕಳ ಹಣೆಗೆ ಮೂರು. ತಕ್ಕಡಿಗೆ ಮೂರು. ಗಿರಣಿಯ ದೊಡ್ಡ ಚಕ್ರಕ್ಕೆ ಮೂರು, ಅಲ್ಲಿ ಮಾತ್ರ ಕಾಲ ಬೆರಳ ಮೇಲೆ ನಿಂತು. ಆಮೇಲೆ ಫಟಫಟಿಯ ಹತ್ತಿರ ಬಂದು, ಮನೆಯ ಬಾಗಿಲ ಕಡೆ ಒಮ್ಮೆ, ಬೀದಿಯ ಕಡೆ ಒಮ್ಮೆ ಕಳ್ಳಿಯಂತೆ ನೋಡಿದಳು. ಬಗ್ಗಿ, ಪ್ಲಗ್ಗಿನ ಬಿಳಿ ಪಿಂಗಾಣಿಗೆ, ಮೂರು ಬೆರಳು ಹಿಡಿಸದಿದ್ದರಿಂದ, ಕಿರುಬೆರಳಿನಿಂದಲೇ ಒಂದು, ಎರಡು, ಮೂರು ಎಂದು ಒದ್ದೆ ವಿಭೂತಿಯ ಗೆರೆ ಎಳೆದು, ಬೆರಳಲ್ಲಿ ಮಿಕ್ಕಿದ್ದನ್ನೂ ಅಲ್ಲೇ ಸವರಿದಳು.

ಬಿಳಿಯ ಮೇಲೆ ಬಿಳಿ. ಒಣಗಿದರೆ ಬ್ರಹ್ಮನಿಗೂ ಕಾಣದು.

ವೆಂಕೋಬನಿಗೆ ನಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂದು ನಿಂತಿತು. ಬೂದಿ ಮುಚ್ಚಿದ ಕಿಡಿಯನ್ನು ಮೂರು ದಿನದಿಂದ ಹುಡುಕಿದ್ದನಲ್ಲ! ಅವನು ಚೀಲದಿಂದ ಇಳಿದು ಬಂದ. ಮುದುಕಿ ಬೆಚ್ಚಿ ಬಟ್ಟಲನ್ನು ಸೆರಗಿನಲ್ಲಿ ಅಡಗಿಸಿದಳು.

“ಯವ್ವಾ! ಯಾರಪಾ ನೀನು? ರಿಪೇರಿ ತಮ್ಮನೇನು?”

“ಹೂನ್ರಿ ಅವ್ವಾರೆ. ಅಂಜಬ್ಯಾಡ್ರಿ. ಇಲ್ಲಿ ಬರ್ರಿ, ಒಂದು ತಮಾಷಿ ತೋರಸ್ತೀನಿ.”

ಅವನು ಕಾಲಿಟ್ಟು ಮೆಲ್ಲಗೆ ಒದ್ದ. ಆ ನಸುಬೆಳಕಿನಲ್ಲಿ ಪ್ಲಗ್ಗಿನ ಬಿಳಿ ಕತ್ತಿನ ಮೇಲೆ, ಒದ್ದೆ ವಿಭೂತಿಯ ಗುಂಟ, ಕೂದಲೆಳೆಯಂಥ ನೀಲಿ ಬೆಳಕು ಚಿಟ್ ಚಿಟ್ ಎಂದು ಹರಿದು ಎಂಜಿನ್ನಿನ ಕಬ್ಬಿಣಕ್ಕೆ ಜಾರಿಹೋಯಿತು. ಒಳಗಿನಿಂದ ಫುಸ್.

ಜಂಬವ್ವ ಕೈಮುಗಿದಳು. “ನೋಡ್ದೇನು! ಹೂಂಗುಟ್ಟತೈತಿ! ದಿನಾ ನನ್ನ ಮಗ ಒದ್ದಾಗ ಹಿಂಗಾ ಲೊಚಗುಟ್ಟತಿತ್ತು. ಶಿವ ನನ್ನ ಮಾತು ಕೇಳಿಸ್ಕೊಂಡ, ಹೂಂ ಅಂದ ಅಂತ ಒಳಗ ಹೋಗಿ ನೆಮ್ಮದ್ಲೆ ಕುಂದರ್ತಿದ್ದೆ.”

“ಹೂಂ ಅಂತಿರಲಿಲ್ರಿ ಅವ್ವಾರೆ, ಊಹೂಂ ಅಂತಿತ್ತು” ಎಂದ ವೆಂಕೋಬ. ಅವಳ ಮುಖ ಕಂಡು, ನಗು ನುಂಗಿಕೊಂಡು, ನಿಧಾನವಾಗಿ ಬಿಡಿಸಿ ಹೇಳಿದ. “ಈ ಗಾಡಿಯೊಳಗಿನ ಬೆಂಕಿ ನನ್ನಂಗಾ ಸೋಮಾರಿ ಐತ್ರಿ. ಎಂಜಿನ್ನಿನ ಒಳಗ ಹೋಗೋ ದಾರಿ ಕಷ್ಟದ್ದು. ಅಲ್ಲಿ ಹಾರಬೇಕು. ನೀವು ಹೊರಗ ಒದ್ದಿ ವಿಭೂತಿಲೆ ಸಲೀಸ್ ದಾರಿ ಹಾಕಿ ಕೊಟ್ಟೀರಿ. ಅದು ಒಳಗ ಯಾಕ ಹೋಗತೈತಿ? ಹೊರಗಿಂದ ಹೊರಗ ಜಾರ್ತೈತಿ. ಬಿಸಿಲಿಗೆ ವಿಭೂತಿ ಒಣಗಿದ ಮ್ಯಾಲ ಆ ದಾರಿ ಮುಚ್ತೈತಿ, ಗಾಡಿ ಏಳ್ತೈತಿ.”

ಜಂಬವ್ವ ಬಟ್ಟಲು ಕೆಳಗಿಟ್ಟು ಹಣೆ ಬಡಿದುಕೊಂಡಳು. “ಯಪ್ಪಾ, ಕಾಯಲಿ ಅಂತ ಹಚ್ಚಿದ್ದು ಕಟ್ಟಿ ಹಾಕ್ತೇನು? ನನ್ನ ಮಗನ ಕಾಲು ಮುರಿಯೋ ಹಂಗ ಒದಿಸಿದ್ದು ನಾನೇನು?”

“ಗಾಡಿ ಮುಂದಿನ ದೀಪದ ಮ್ಯಾಲ ಹಚ್ಚಿದ್ರ ಏನೂ ಆಗ್ತಿದ್ದಿಲ್ರಿ. ಅಲ್ಲೇ ಯಾಕ ಹಚ್ಚಿದ್ರಿ?”

“ಮೊದಲ ದಿನ ದೀಪದ ಮ್ಯಾಲ ಹಚ್ಚಿದ್ದೆ ತಮ್ಮಾ. ಹೊಸ ಗಾಡಿ ಹೊಲಸ ಮಾಡಿದಿ ಅಂತ ಮಂದಿ ಮುಂದ ಚೀರಿದ. ಮತ್ತ ಗಾಡಿ ಮುಟ್ಟಿದ್ರ ನೋಡು ಅಂದ. ಹಚ್ಚದಿದ್ರ ನನಗ ಜೀವ ತಡೀವಲ್ದು. ಅಷ್ಟು ಜೋರು ಹೋಗತೈತಿ, ಅದರ ಮ್ಯಾಲ ಒಬ್ಬ ಮಗ. ಅದಕ್ಕ ಕಾಣದಂಥ ಜಾಗ ಹುಡುಕಿದೆ.” ಅವಳು ವೆಂಕೋಬನ ಕೈ ಹಿಡಿದಳು. ಬೆರಳು ಒದ್ದೆಯಾಗಿ ತಣ್ಣಗಿದ್ದವು. “ಅವಂಗ ಹೇಳಬ್ಯಾಡ. ಸೊಸಿ ಮುಂದ, ಆಳಿನ ಮುಂದ ನನ್ನ ಮಾನ ಹೋಗತೈತಿ. ಇನ್ನ ಹಚ್ಚಂಗಿಲ್ಲ. ಆಣಿ ಮಾಡು.”

ಇಂಥ ಹೊತ್ತಿನಲ್ಲಿ ಅವನಿಗೆ ಹತ್ತು ತಮಾಷೆ ಹೊಳೆಯಬೇಕಿತ್ತು. ಹೊಳೆದದ್ದು ಭಾನುವಾರದ ಪ್ರಶ್ನೆ ಒಂದೇ. ಕಾರಣ ಸಿಕ್ಕಿತು, ಸಿಕ್ಕಿದ್ದನ್ನು ಹೇಳುವಂತಿಲ್ಲ.

“ಆಯ್ತ್ರಿ ಅವ್ವಾರೆ. ಹೇಳಂಗಿಲ್ಲ” ಎಂದ. ಹೇಳಿದ ಮೇಲೆ, ತನ್ನ ಬಾಯಿಂದ ಬಂದದ್ದು ಯಾರ ದನಿ ಎಂದು ಅವನಿಗೇ ಸೋಜಿಗವಾಯಿತು.

ಪ್ಲಗ್ಗು ಒರೆಸಿ ಬಂದ. ಶನಿವಾರ ಉಜ್ಜಿನಪ್ಪ ಒಂದೇ ಒದೆತಕ್ಕೆ ಗಾಡಿ ಎಬ್ಬಿಸಿ ಕಂಪ್ಲಿಗೆ ಹೋಗಿಬಂದ. ಭಾನುವಾರ ಮುಂಜಾನೆ ಏಳಕ್ಕೂ ಒಂದೇ ಒದೆತ. ಗಿರಣಿಯವರೆಲ್ಲ ಅಂಗಳಕ್ಕೆ ಬಂದಿದ್ದರು. ಉಜ್ಜಿನಪ್ಪ ಗಾಡಿ ನಿಲ್ಲಿಸಿ ಇಳಿದು ವೆಂಕೋಬನ ಬೆನ್ನು ತಟ್ಟಿದ, ತಟ್ಟಿದ್ದು ಗುದ್ದಿದಂತಿತ್ತು.

“ಮಸ್ತ್! ಎರಡು ದಿನ ಆತು, ಫುಸ್ ಇಲ್ಲ, ಗಿಸ್ ಇಲ್ಲ. ಈಗ ಹೇಳ್ರಿ ಬಿ.ಎ.ನೋರೆ. ಏನಾಗಿತ್ತು?”

“ಪ್ಲಗ್ಗಿನ ಮ್ಯಾಲ ತೇವ ಇತ್ರಿ. ಕಿಡಿ ಹೊರಗಿಂದ ಜಾರ್ತಿತ್ತು.”

“ತೇವ ಎಲ್ಲಿಂದ ಬಂತು?”

“ಮುಂಜಾನಿ ಬರ್ತಿತ್ರಿ.”

“ನಿನ್ನೆ ಮುಂಜಾನಿ ಯಾಕ ಬರಲಿಲ್ಲ? ಇವತ್ತ ಯಾಕ ಬರಲಿಲ್ಲ?”

ವೆಂಕೋಬ ಕೆಮ್ಮಿದ. ಆ ಕೆಮ್ಮು ಯಾರದ್ದೂ ಆಗಿರಲಿಲ್ಲ.

“ನಾಳೆ ಬರಂಗಿಲ್ಲಂತ ಹೆಂಗ ಹೇಳ್ತೀರಿ?”

“ಬರಂಗಿಲ್ರಿ. ಅಷ್ಟು ನಂಬ್ರಿ.”

ಉಜ್ಜಿನಪ್ಪನ ಸಿಟ್ಟು ಒಂದು ಗೇಣು ಮುಂದೆ ಬಂತು. “ನಂಬಿಕಿ ಮ್ಯಾಲ ಬಸ್ಸು ಓಡ್ತಾವೇನ್ರಿ? ಕಾರಣ ಕೇಳಿದ್ರ ಹಾರಿಕಿ ಮಾತಾಡ್ತೀರಿ. ಇದನ್ನ ಬಳ್ಳಾರಿ ಮೇಸ್ತ್ರೀನೂ ಆಡಿದ್ದ. ಹೋಗ್ರಿ, ನಾಳಿ ನಿಮ್ಮ ಕಚೇರಿಗೆ ಹೋಗ್ರಿ. ಅಲ್ಲಿ ಯಾರೂ ಕಾರಣ ಕೇಳಂಗಿಲ್ಲ.”

ವೆಂಕೋಬ ತನ್ನ ಪಾನಾ, ಇಕ್ಕಳಗಳನ್ನು ಚೀಲಕ್ಕೆ ತುಂಬಿದ. ಚೀಲ ಎತ್ತಿದಾಗ ಎಂದಿಗಿಂತ ಭಾರವಾಗಿತ್ತು. ಅಂಗಳ ದಾಟಿ ಬಾಗಿಲಿನತ್ತ ನಡೆದ. ಸದಾ ಗಲಗಲ ಎನ್ನುತ್ತಿದ್ದವನು ಸುಮ್ಮನೆ ನಡೆದು ಹೋಗುವುದನ್ನು ಕಂಡು ಮೊರ ಹಿಡಿದ ಹೆಂಗಸರಿಗೂ ಕಸಿವಿಸಿಯಾಯಿತು.

“ಲೇ ಉಜ್ಜಿನಾ!”

ಜಂಬವ್ವ ಪಡಸಾಲೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಹಿಂದೆ ಸೊಸೆ ನೀಲಗಂಗಮ್ಮ ಗಾಬರಿಯಿಂದ ನೋಡುತ್ತಿದ್ದಳು.

“ಆ ಹುಡುಗನ್ನ ನಿಲ್ಸು. ತೇವ ಎಲ್ಲಿಂದ ಬಂತು ಅಂತ ಕೇಳ್ತಿ ಅಲ್ಲ? ನನ್ನ ಕೈಯಿಂದ ಬಂತು. ನಿನ್ನ ಗಾಡಿ ನೆತ್ತಿಗೆ ದಿನಾ ವಿಭೂತಿ ಹಚ್ಚಿದಾಕಿ ನಾನು. ಬೆಂಕಿ ಹೊರಗಿಂದ ಹೊರಗ ಜಾರಿ ಹೋತಂತ. ಆತಿಲ್ಲೋ ನಿನ್ನ ಕಾರಣ?”

ಉಜ್ಜಿನಪ್ಪನ ಮುಖ ಕೆಂಪಗಾಯಿತು.

“ಯವ್ವಾ! ಗಾಡಿ ಮುಟ್ಟಬ್ಯಾಡ ಅಂತ ಹೇಳಿದ್ದಿಲ್ಲೇನು?”

“ಕಾಣೋ ಹಂಗ ಹಚ್ಚಬ್ಯಾಡ ಅಂದಿ. ಕಾಣದಂಗ ಹಚ್ಚಿದೆ. ದೀಪದ ಮ್ಯಾಲ ಹಚ್ಚಾಕ ಬಿಟ್ಟಿದ್ರ ನಿನ್ನ ಗಾಡೀನೂ ಏಳ್ತಿತ್ತು, ನಿನ್ನ ಕಾಲೂ ಉಳಿತಿತ್ತು. ತಪ್ಪು ಯಾರ್ದಲೇ?”

ಉಜ್ಜಿನಪ್ಪ ಕೆನ್ನೆ ಉಬ್ಬಿಸಿದ. ಬಾಯ್ಲರ್ ಕೋಣೆಯ ಬಾಗಿಲಲ್ಲಿ ತೋಟಪ್ಪ ತಡೆಯಲಾರದೆ “ಫುಸ್” ಎಂದುಬಿಟ್ಟ. ಮೊದಲು ನಕ್ಕವಳು ನೀಲಗಂಗಮ್ಮ. ಆಮೇಲೆ ಹೆಂಗಸರು. ಕೊನೆಗೆ ಉಜ್ಜಿನಪ್ಪನ ಹೊಟ್ಟೆ ಕುಲುಕತೊಡಗಿತು, ಮೀಸೆ ಅದುರಿತು, ನಗು ಗಾಡಿಗಿಂತ ದೊಡ್ಡ ಸದ್ದು ಮಾಡಿ ಹೊರಬಿತ್ತು. ಕಣ್ಣು ಒರೆಸಿಕೊಳ್ಳುತ್ತ ವೆಂಕೋಬನ ಕಡೆ ಬಂದ.

“ನಿಮಗ ಗೊತ್ತಿತ್ತೇನ್ರಿ?”

“ನಿನ್ನೆಯಿಂದ ಗೊತ್ತಿತ್ರಿ.”

“ಮತ್ತ ಯಾಕ ಬಾಯಿ ಬಿಡಲಿಲ್ಲ? ಬಸ್ಸು ಕೈ ಬಿಟ್ಟು ಹೋಗತಿದ್ವಲ್ರಿ!”

“ಅವ್ವಾರು ಬ್ಯಾಡ ಅಂದಿದ್ರು.”

ಉಜ್ಜಿನಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅವನ ಕೈಯಿಂದ ಚೀಲ ಕಿತ್ತುಕೊಂಡು ತೋಟಪ್ಪನ ಕೈಗೆ ತುರುಕಿದ. “ಇದನ್ನ ಒಳಗಿಡಲೇ. ವೆಂಕೋಬರಾಯ್ರೆ, ಹತ್ರಿ ಗಾಡಿ. ನಿಮ್ಮ ಅಪ್ಪಾರ ಹಂತ್ಯಾಕ ಹೋಗೂಣು. ನಾನಾ ಮಾತಾಡ್ತೀನಿ.”

ಕಮಲಾಕರರಾಯರನ್ನು ಒಪ್ಪಿಸಲು ಮೂರು ತಾಸು, ಎರಡು ಸಲ ಕಾಫಿ ಹಿಡಿಯಿತು. ‘ಸಾಹುಕಾರನ ಹತ್ತಿರ ಚಾಕರಿಯೇ’ ಎಂದು ಮೊದಲು ಹುಬ್ಬು ಗಂಟಿಕ್ಕಿದರು. ‘ಚಾಕರಿ ಅಲ್ರಿ, ಉಸ್ತುವಾರಿ’ ಎಂದ ಉಜ್ಜಿನಪ್ಪ. ಬಳ್ಳಾರಿಗೆ ಬರೆಯಬೇಕಾದ ಕ್ಷಮಾಪಣೆಯ ಪತ್ರವನ್ನು ರಾಯರೇ ಬರೆದರು. ಅದಕ್ಕೊಂದು ಪ್ರತಿ ತೆಗೆದಿಡು ಎಂದು ಮಗನಿಗೆ ಹೇಳಿ, ಹೇಳಿದ್ದು ಏನೆಂದು ಹೊಳೆದು, ತಾವೇ ಮೊದಲು ನಕ್ಕರು. ಗೋದಾಬಾಯಿ ಟ್ರಂಕಿನಿಂದ ಬಿಳಿ ಧೋತರ ತೆಗೆದು ಹೊರಗಿಟ್ಟು, “ಎಣ್ಣಿ ಮಸಿಗೆ ಹಳೇವು ಸಾಕು, ಇದನ್ನ ಮುಟ್ಟೀಯ” ಎಂದರು.

ಮುಂದಿನ ತಿಂಗಳ ಒಂದು ಮುಂಜಾನೆ ಮೊದಲ ಬಸ್ಸು ಗಿರಣಿಯ ಅಂಗಳಕ್ಕೆ ಬಂತು. ಹೊಸ ಬಣ್ಣ, ಹಿತ್ತಾಳೆಯ ಹಾರ್ನು, ಹೊಸಪೇಟೆ–ಕಂಪ್ಲಿ ಎಂದು ದುಂಡಗೆ ಬರೆದ ಹಲಗೆ. ಜಂಬವ್ವ ಬಟ್ಟಲು ಹಿಡಿದು ಎಲ್ಲರೆದುರಿಗೇ ಹೊರಟಳು. ಬಸ್ಸಿನ ಬಾನೆಟ್ ಎತ್ತಿ ಹಿಡಿದು ವೆಂಕೋಬ ಪಕ್ಕದಲ್ಲೇ ನಿಂತಿದ್ದ.

“ಇಲ್ಲಿ ಹಚ್ಚಲೇನು ತಮ್ಮಾ?”

“ಬ್ಯಾಡ್ರಿ ಅವ್ವಾರೆ. ಅಲ್ಲಿ ನಾಲ್ಕು ಪ್ಲಗ್ಗು ಅದಾವ, ನಾಲ್ಕೂ ಮಡಿ ಹೆಂಗಸರಿದ್ದಂಗ. ಮುಟ್ಟಂಗಿಲ್ಲ.”

“ಇಲ್ಲಿ?”

“ಅಲ್ಲೂ ಬ್ಯಾಡ್ರಿ, ಅದು ಮ್ಯಾಗ್ನೆಟೋ.”

“ಇಲ್ಲಿ?”

“ದೀಪದ ಮ್ಯಾಲೇನು? ಎಷ್ಟು ಬೇಕೋ ಅಷ್ಟು ಹಚ್ರಿ.”

ಎರಡು ದೀಪಕ್ಕೆ, ಹಾರ್ನಿಗೆ, ನಾಲ್ಕು ಗಾಲಿಗೆ, ಹತ್ತುವ ಮೆಟ್ಟಿಲಿಗೆ, ಸ್ಟೇರಿಂಗಿಗೆ, ಮೂರು ಮೂರು ಗೆರೆ ಬಿದ್ದವು. ಮೇಲೆ ಹತ್ತಿ ಕೂತಿದ್ದ ಕಂಪ್ಲಿಯ ಸಂತೆಯ ಮಂದಿ ಹೊತ್ತಾಯಿತೆಂದು ಗೊಣಗುತ್ತಲೇ ಕೈ ಮುಗಿದರು. ಕೊನೆಗೆ ಮುದುಕಿಯ ಬೆರಳಲ್ಲಿ ಒಂದಿಷ್ಟು ವಿಭೂತಿ ಮಿಕ್ಕಿತು. ಅವಳು ವೆಂಕೋಬನ ಹಣೆಯನ್ನೂ ಅಲ್ಲಿದ್ದ, ವೈಷ್ಣವರು ಇಡುವ ಅಂಗಾರದ ನೆಟ್ಟನೆಯ ಕರಿ ಗೆರೆಯನ್ನೂ ನೋಡಿ, ಎತ್ತಿದ ಕೈ ಅಲ್ಲೇ ಹಿಡಿದಳು.

“ನಿಮ್ಮ ಮನ್ಯಾಗ ಏನಾರ ಅಂದಾರೇನಪಾ?”

“ಅಂದ್ರ ಅನ್ಲಿ ಬಿಡ್ರಿ. ನಮ್ಮದು ಉದ್ದ, ನಿಮ್ಮದು ಅಡ್ಡ, ಜಾಗಾ ಐತಿ, ಹಚ್ರಿ” ಎಂದು ವೆಂಕೋಬ ತಲೆ ಬಗ್ಗಿಸಿದ.

ತಣ್ಣನೆಯ ಮೂರು ಬೆರಳು ಹಣೆಯ ಮೇಲೆ ಹಾದುಹೋದವು. ಅವನು ಬಾನೆಟ್ ಮುಚ್ಚಿ, ಬಸ್ಸಿನ ಮೂತಿಗೆ ಹ್ಯಾಂಡಲ್ ಹಾಕಿ ಒಮ್ಮೆ ಜೋರಾಗಿ ತಿರುಗಿಸಿದ. ಬಸ್ಸು ಮೈಯೆಲ್ಲ ಕೊಡವಿಕೊಂಡು ಎದ್ದಿತು. ವೆಂಕೋಬ ಡ್ರೈವರನಿಗೆ ಸನ್ನೆ ಮಾಡಿ, ಓಡಿ ಹೋಗಿ ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದು, ಯಾರನ್ನೂ ಅಣಕಿಸದ ತನ್ನದೇ ದನಿಯಲ್ಲಿ ಕೂಗಿದ:

“ಕಮಲಾಪುರಾ... ಕಂಪ್ಲೀ... ಬರ್ರೀ ಬರ್ರೀ, ಜಲ್ದಿ ಹತ್ರೀ!”